ನಾಗಣಸೂರಿನ ತುಪ್ಪ

ಸುಗಲಾಬಾಯಿ: ಇವು ನಮ್ಮ ನಾನಖಟಾಯಿ ಅಲ್ಲ.

ಸಾತಲಿಂಗಪ್ಪ: ನಮ್ಮವಽ ಅವು.

ಸುಗಲಾಬಾಯಿ: ಅಲ್ಲ ಅಂದ್ರ ಅಲ್ಲ.

ಸಾತಲಿಂಗಪ್ಪ: ನಮ್ಮ ಡಬ್ಬ್ಯಾಗ ಅದಾವ, ನಮ್ಮ ಮನ್ಯಾಗ ಅದಾವ, ನಾನಽ ಹೆಗಲ ಮ್ಯಾಲ ಹೊತ್ಕೊಂಡು ಬಂದೀನಿ. ಇನ್ನ ಯಾರವು?

ಸುಗಲಾಬಾಯಿ: ಹೊತ್ಕೊಂಡು ಬಂದದ್ದೆಲ್ಲಾ ನಮ್ಮದಾಗ್ತದೇನ್ರಿ? ನಾ ಹಿಟ್ಟಿನಾಗ ಜಾಜಿಕಾಯಿ ತೇಯ್ದು ಹಾಕಿದ್ನಿ. ಇವು ನೋಡಿದ್ರ ಯಾಲಕ್ಕಿ ವಾಸನಿ ಹೊಡ್ಯಾಕತ್ತಾವ.

ಸಾತಲಿಂಗಪ್ಪ: ಭಟ್ಟ್ಯಾಗ ಎಷ್ಟು ಝಳ ಇರ್ತದ ನಿನಗೇನು ಗೊತ್ತು? ಅಷ್ಟು ಝಳಕ್ಕ ಜಾಜಿಕಾಯಿ ಯಾಲಕ್ಕಿ ಆಗಿರಬೇಕು.

ಸುಗಲಾಬಾಯಿ: ನಿಮ್ಮ ಕಚೇರ್ಯಾಗ ಕೆಲಸ ಹೆಂಗ ನಡೀತದ ಅಂತ ಈಗ ತಿಳೀತು ನನಗ.

ದೀಪಾವಳಿಯ ಹಿಂದಿನ ದಿನ. ಸೊಲ್ಲಾಪುರದ ಒಂದು ಓಣಿಯ ಅಡುಗೆಮನೆಯಲ್ಲಿ, ತಗಡಿನ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಗಂಡ ಹೆಂಡತಿ ಕೂತಿದ್ದರು. ಸಾತಲಿಂಗಪ್ಪ ಬಟ್ಟೆ ಗಿರಣಿಯ ಕಚೇರಿಯಲ್ಲಿ ಕಾರಕೂನ. ಸುಗಲಾಬಾಯಿ ಅಕ್ಕಲಕೋಟೆಯ ಮಗಳು. ಅಕ್ಕಲಕೋಟೆ ಯಾವ ರಾಜ್ಯಕ್ಕೆ ಸೇರಬೇಕೆಂದು ದೊಡ್ಡವರೆಲ್ಲ ಪತ್ರಿಕೆಗಳಲ್ಲಿ ಕಾದಾಡುತ್ತಿದ್ದ ಕಾಲ ಅದು. ಈ ಓಣಿಯ ಹೆಂಗಸರಿಗೆ ಮಾತ್ರ ಅದೆಲ್ಲ ಬೇಕಿರಲಿಲ್ಲ. ನಿಮ್ಮ ಮನೆಯ ದೀಪಾವಳಿ ತಿಂಡಿ ತುಪ್ಪದ್ದೋ ಡಾಲ್ಡಾದ್ದೋ, ಅಷ್ಟು ಹೇಳಿ ಸಾಕು ಎನ್ನುವವರು.

ನಾನಖಟಾಯಿಯನ್ನು ಅಲ್ಲಿ ಯಾರೂ ಕೊಂಡು ತರುತ್ತಿರಲಿಲ್ಲ. ಕೊಂಡು ತಂದರೆ ಮಾನ ಹೋದಂತೆ. ಮನೆಯಿಂದಲೇ ಹಿಟ್ಟು, ಸಕ್ಕರೆ, ತುಪ್ಪ ಒಯ್ದು ಗೊಲ್ಲಾಳಪ್ಪನ ಬೇಕರಿಗೆ ಕೊಡಬೇಕು. ಅವನು ಕಲಸಿ, ತಗಡಿನ ಮೇಲೆ ಸಾಲಾಗಿ ಇಟ್ಟು, ಭಟ್ಟಿಗೆ ನೂಕಿ ಬೇಯಿಸಿಕೊಡುತ್ತಾನೆ. ಮನೆಗೊಬ್ಬರು ಅಲ್ಲೇ ಕಾವಲು ಕೂರುವುದೂ ಪದ್ಧತಿ. ಗೊಲ್ಲಾಳಪ್ಪ ದೇವರಂಥ ಮನುಷ್ಯ, ನಿಜ. ಆದರೆ ತುಪ್ಪದ ವಿಷಯದಲ್ಲಿ ದೇವರನ್ನೂ ನಂಬಬಾರದೆಂದು ಓಣಿಯ ತೀರ್ಪು.

ಸುಗಲಾಬಾಯಿ: ನಾಳೆ ನಮ್ಮಣ್ಣ ಶಿವಾನಂದ ಬರಾಂವ ಇದ್ದಾನ. ಜೋಡೀಲೆ ಅವನ ಹೆಂಡ್ತಿ ಚಂದ್ರಭಾಗಾ ವೈನಿ ಬರಾಕಿ ಇದ್ದಾಳ. ಹೋದ ವರ್ಷ ಅಕ್ಕಲಕೋಟ್ಯಾಗ ಆಕಿ ಏನಂದ್ಳು, ಮರ್ತೀರೇನು?

ಸಾತಲಿಂಗಪ್ಪ: ಮರೀಲಾಕ ನೀ ಎಲ್ಲಿ ಬಿಡ್ತಿ?

ಸುಗಲಾಬಾಯಿ: ನಾ ಮಾಡಿ ಒಯ್ದ ಉಂಡಿ ಮೂಸಿ ನೋಡಿ ತಾಟಿನಾಗ ಇಟ್ಟಳು. ‘ನೀವು ಸೊಲ್ಲಾಪುರದವರು, ನಿಮಗ ಡಾಲ್ಡಾನಽ ರೂಢಿ’ ಅಂದ್ಳು. ಮಂದಿ ಮುಂದ ಅಂದ್ಳು! ಅದಕ್ಕಽ ಈ ಸಲ ನಾಗಣಸೂರ ರೇವಮ್ಮ ಅತ್ತಿ ಕಳಿಸಿದ ತುಪ್ಪದಾಗಽ ನಾನಖಟಾಯಿ ಮಾಡಿ ಆಕಿ ಬಾಯಾಗ ಇಡ್ತೀನಿ ಅಂತ ಓಣಿ ತುಂಬ ಹೇಳಿಕೊಂಡು ಅಡ್ಡಾಡೀನಿ. ಈಗ ಆ ನಾನಖಟಾಯಿ ಯಾರ ಮನಿ ಹೊಕ್ಕಾವೋ!

ಸಾತಲಿಂಗಪ್ಪ: ಹೊಕ್ಕರ ಹೊಕ್ಕೊಳ್ಳಲಿ. ಇವೇನು ಕಡಿಮಿ ಅದಾವೇನು? ತುಪ್ಪದವಽ ಅದಾವ. ಬಾಯಾಗ ಇಟ್ಟರ ಕರಗತಾವ. ನಾ ಆರು ತಿಂದು ನೋಡೀನಿ.

ಸುಗಲಾಬಾಯಿ: ಆರು?

ಸಾತಲಿಂಗಪ್ಪ: ಖಾತ್ರಿ ಆಗಬೇಕಲ್ಲ.

ಸುಗಲಾಬಾಯಿ: ಏಳ್ರಿ. ಡಬ್ಬಿ ಹೊರ್ರಿ. ಗೊಲ್ಲಾಳಪ್ಪನ ಕಡೆ ಹೋಗೂಣು. ನನ್ನ ನಾನಖಟಾಯಿ ನನಗ ಬೇಕು.

ಸಾತಲಿಂಗಪ್ಪ ಬೇಕೆಂದೇ ನಿಧಾನವಾಗಿ ಡಬ್ಬಿಯ ಮುಚ್ಚಳ ಹಾಕಿದ. ತಮ್ಮ ನಾನಖಟಾಯಿ ಸಿಗಬಾರದು, ಯಾವ ಕಾರಣಕ್ಕೂ ಸಿಗಬಾರದು! ಯಾಕೆಂದರೆ ಅವು ತುಪ್ಪದವಲ್ಲ, ಡಾಲ್ಡಾದವು. ಅದು ಅವನೊಬ್ಬನಿಗೇ ಗೊತ್ತು.

ಆದದ್ದು ಇಷ್ಟು. ನಿನ್ನೆ ಬೇಕರಿಯ ಮುಂದೆ ಹನುಮಂತನ ಬಾಲದಂಥ ಪಾಳಿ. ಸಾತಲಿಂಗಪ್ಪ ಹಿಟ್ಟು ಸಕ್ಕರೆಯ ಚೀಲವನ್ನು ಪಾಳಿಯಲ್ಲಿಟ್ಟ. ‘ತುಪ್ಪದ ಡಬ್ಬಿ ಮಾತ್ರ ಕೈಯಾಗಿಂದ ಬಿಡಬ್ಯಾಡ್ರಿ’ ಎಂದು ಹೆಂಡತಿ ಹೇಳಿ ಕಳಿಸಿದ್ದಳು, ಬಿಡಲಿಲ್ಲ. ಬೇಕರಿಯ ಎದುರಿಗೇ ಮಲ್ಲಯ್ಯನ ಖಾನಾವಳಿ. ಹೆಂಡತಿ ಇದ್ದವನು ಖಾನಾವಳಿಯಲ್ಲಿ ಉಂಡರೆ ಹೆಂಡತಿಯ ಮರ್ಯಾದೆ ಹೋಗುತ್ತದೆಂದು ಸುಗಲಾಬಾಯಿ ಶ್ರಾವಣದಲ್ಲೇ ಅವನಿಂದ ಆಣೆ ಹಾಕಿಸಿದ್ದಳು. ಆಣೆ ನೆನಪಿತ್ತು. ಆದರೆ ಆ ಬಾಗಿಲಿನಿಂದ ಹೊರಗೆ ಬರುತ್ತಿದ್ದ ವಾಸನೆಗೆ ಆಣೆಯ ಸಂಗತಿ ಗೊತ್ತಿರಲಿಲ್ಲವಲ್ಲ! ಸುಮ್ಮನೆ ಇಣುಕಿ ಬರೋಣವೆಂದು ಹೋದ. ಡಬ್ಬಿ ಕೈಯಲ್ಲಿತ್ತು. ಇಣುಕಿದವನು ಕೂತ. ಡಬ್ಬಿ ಕೈಯಲ್ಲೇ ಇತ್ತು.

ಹಂಚಿನಿಂದ ನೇರ ತಾಟಿಗೆ ಬಿದ್ದ ಜೋಳದ ರೊಟ್ಟಿ, ಇನ್ನೂ ಉಬ್ಬಿದ ಉಸಿರು ಬಿಟ್ಟಿರಲಿಲ್ಲ. ಎಣ್ಣೆ ಒಸರುವ ಕುಟ್ಟಿದ ಶೇಂಗಾ ಚಟ್ನಿ, ತೊಟ್ಟು ಹಿಡಿದರೆ ಬಿಚ್ಚಿಕೊಳ್ಳುವ ಎಣ್ಣೆಗಾಯಿ ಬದನೆ. ಅದೆಲ್ಲ ಮುಗಿದ ಮೇಲೆ ಮಲ್ಲಯ್ಯ ಬಿಸಿ ಹೋಳಿಗೆ ತಂದು ಹಾಕಿ, ‘ತುಪ್ಪ ಮಾತ್ರ ತೀರ್ಯದ ನೋಡ್ರಿ’ ಎಂದ. ಡಬ್ಬಿ ಕೈಯಲ್ಲೇ ಇತ್ತು. ನೀವಾದರೂ ಏನು ಮಾಡುತ್ತಿದ್ದಿರಿ?

ಮೊದಲು ಒಂದು ಹನಿ. ಆಮೇಲೆ ಹೋಳಿಗೆ ಕಾಣದಷ್ಟು. ಮಲ್ಲಯ್ಯನೂ ಒಂದು ಹೋಳಿಗೆ ಹಾಕಿಕೊಂಡು ಎದುರಿಗೆ ಕೂತು, ‘ಇಂಥಾ ತುಪ್ಪ ಕಂಡು ಎಷ್ಟು ವರ್ಷ ಆತ್ರಿ ಯಜಮಾನ್ರ! ನಾಗಣಸೂರ ಅಂದ್ರ ನಾಗಣಸೂರಽ’ ಎಂದು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಸಾತಲಿಂಗಪ್ಪ ಕಿರಾಣಿ ಅಂಗಡಿಗೆ ಓಡಿ ಡಾಲ್ಡಾ ತುಂಬಿಸಿಕೊಂಡು ಬಂದ. ದೇವರ ದಯೆ, ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ.

ಈಗ ಬೇಕರಿ. ಭಟ್ಟಿಯ ಝಳದಲ್ಲಿ ಮುಖ ಕೆಂಪಗಾದ ಗೊಲ್ಲಾಳಪ್ಪ ಉದ್ದನೆಯ ಹಿಡಿಕೆಯ ಸಲಿಕೆ ಹಿಡಿದು ನಿಂತಿದ್ದ.

ಗೊಲ್ಲಾಳಪ್ಪ: ಬರ್ರಿ ವೈನಿ. ನೀವೂ ‘ಇವು ನಮ್ಮವಲ್ಲ’ ಅನ್ನಾವರಽ ಏನು?

ಸುಗಲಾಬಾಯಿ: ಮತ್ಯಾರು ಅಂದ್ರು?

ಗೊಲ್ಲಾಳಪ್ಪ: ಯಾರು ಅಂದಿಲ್ಲ ಅಂತ ಕೇಳ್ರಿ. ಮುಂಜಾನಿಂದ ಅರ್ಧ ಓಣಿ ಬಂದು ನನ್ನ ಬೈದು ಹೋಗ್ಯದ. ನಂದೇನು ತಪ್ಪು? ಚೀಟಿ ಹಚ್ಚಿದ್ರ ಭಟ್ಟ್ಯಾಗ ಸುಡ್ತದ. ಅದಕ್ಕಽ ಎಲ್ಲಾರಿಗೂ ಹೇಳಿದ್ನಿ, ನಿಮ್ಮ ನಿಮ್ಮ ನಾನಖಟಾಯಿ ಮ್ಯಾಲ ನಿಮಗ ನೆನಪಿರೂವಂಥಾ ಒಂದು ಗುರುತು ಮಾಡ್ರಿ ಅಂತ. ನಿಮ್ಮ ಯಜಮಾನ್ರು ಏನು ಮಾಡಿದ್ರು, ಕೇಳ್ರಿ.

ಸಾತಲಿಂಗಪ್ಪ: ಮೂರು ಬೆರಳು ಊರಿ ಅಡ್ಡ ಗೆರಿ ಎಳದೆ. ವಿಭೂತಿಗತೆ. ಬ್ಯಾರೆ ಯಾರಿಗೂ ಹೊಳ್ಯಾಂಗಿಲ್ಲ ಅಂತ.

ಗೊಲ್ಲಾಳಪ್ಪ: ಕೇಳಿದ್ರಿಲ್ಲೊ? ಮುಂಜಾನೆದ್ದು ಇಡೀ ಓಣಿ ಹಣಿಗೆ ಹಚ್ಚಿಕೊಳ್ಳೂದು ವಿಭೂತಿ. ಗುರುತು ಮಾಡ್ರಿ ಅಂದ್ರ ಇಡೀ ಓಣಿ ಗುಪಚುಪ್ ಮೂರು ಬೆರಳು ಊರಿಬಿಟ್ಟದ! ಯಾರಿಗೂ ಹೊಳ್ಯಾಂಗಿಲ್ಲ ಅಂತ ಒಬ್ಬೊಬ್ಬರೂ ನನ್ನ ಕಿವ್ಯಾಗ ಹೇಳ್ಯಾರ. ಭಟ್ಟಿಯಿಂದ ತಗಡು ಎಳೀತೀನಿ, ಎಲ್ಲಾ ನಾನಖಟಾಯಿಗೂ ದೀಕ್ಷಾ ಆಗ್ಯದ! ಮೀ ಕಾಯ ಕರೂ? ನಾ ಏನ್ ಮಾಡ್ಲಿ?

ಸುಗಲಾಬಾಯಿ: ಗುರುತು ಒಂದಽ ಇದ್ರೂ ನಮ್ಮ ಮನ್ಯಾವ್ರು ತಮ್ಮ ತಗಡಿನ ಮುಂದಽ ಕುಂತಿದ್ರಲ್ಲ?

ಗೊಲ್ಲಾಳಪ್ಪ: ಕುಂತಿದ್ರು, ಕುಂತಿದ್ರು. ಆದ್ರ ಕಲಸೂಕಿಂತ ಮದಲ ಒಂದು ತಾಸು...

ಸಾತಲಿಂಗಪ್ಪನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಎಂಥ ಕೆಮ್ಮು! ಗೊಲ್ಲಾಳಪ್ಪ ಸಲಿಕೆ ಬಿಟ್ಟು ನೀರು ತರಲು ಓಡಿದ. ಅಷ್ಟರಲ್ಲಿ ಎದುರು ಬಾಗಿಲಿನಿಂದ ಮಲ್ಲಯ್ಯನ ದನಿ ಓಣಿ ದಾಟಿ ಬಂತು.

ಮಲ್ಲಯ್ಯ: ಯಜಮಾನ್ರ! ಹೋಳಿಗಿ ಬಿಸಿ ಅದಾವ! ಇವತ್ತು ತುಪ್ಪ ತಂದಿಲ್ಲೇನ್ರಿ?

ಸುಗಲಾಬಾಯಿ: ಏನಂತಾನ ಅಂವ? ಯಾವ ತುಪ್ಪ?

ಸಾತಲಿಂಗಪ್ಪ: ಅಂವಗ... ತುಪ್ಪ ಮಾರಾವರು ಯಾರರೆ ಬೇಕಾಗ್ಯಾರಂತ. ಬಂದಾಗೊಮ್ಮೆ ಕೇಳ್ತಾನ.

ಸುಗಲಾಬಾಯಿ: ಬಂದಾಗೊಮ್ಮೆ? ನೀವು ಎಷ್ಟು ಸಲ ಬರ್ತೀರಿ ಇಲ್ಲಿ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಸಾತಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲೇ ಅವನ ಪುಣ್ಯಕ್ಕೋ ಪಾಪಕ್ಕೋ ಕಾಶೀಬಾಯಿ ಬೇಕರಿಯ ಮೆಟ್ಟಿಲು ಹತ್ತಿದಳು. ಕಂಕುಳಲ್ಲಿ ಒಂದು ಡಬ್ಬಿ. ಕಾಶೀಬಾಯಿ ಅದೇ ಓಣಿಯ ವಕೀಲರ ಹೆಂಡತಿ. ತಲೆಬಾಗಿಲಲ್ಲಿ ನಿಂತು ನಿಮ್ಮ ಒಲೆಯ ಮೇಲಿನ ಬಾಣಲೆಯಲ್ಲಿ ಯಾವ ಎಣ್ಣೆ ಇದೆ ಎಂದು ಹೇಳುವ ಮೂಗು ಅವಳದು. ಆ ಮೂಗಿಗೆ ಇಡೀ ಓಣಿ ಹೆದರುತ್ತಿತ್ತು.

ಕಾಶೀಬಾಯಿ: ಗೊಲ್ಲಾಳಪ್ಪಾ, ನಾ ಯಾಲಕ್ಕಿ ಹಾಕಿ ಕಳಿಸಿದ್ನಿ. ಇದರಾಗ ಜಾಜಿಕಾಯಿ ಎಲ್ಲಿಂದ ಬಂತು?

ಸಾತಲಿಂಗಪ್ಪ ಕಣ್ಣು ಮುಚ್ಚಿ ಸಿದ್ಧರಾಮೇಶ್ವರನನ್ನು ನೆನೆದ. ಜಗತ್ತಿನಲ್ಲಿ ಇಷ್ಟು ಮೂಗುಗಳಿರುವಾಗ ತನ್ನ ಡಾಲ್ಡಾ ಹೋಗಿ ಹೋಗಿ ಈ ಮೂಗಿನ ಕೆಳಗೇ ಬೀಳಬೇಕೇ! ಆದರೆ ಸುಗಲಾಬಾಯಿ ಮಾಡಿದ್ದು ಇನ್ನೂ ವಿಚಿತ್ರವಾಗಿತ್ತು. ಒಂದೇ ನೆಗೆತಕ್ಕೆ ಹೋಗಿ ಆ ಡಬ್ಬಿಯನ್ನು ಕಸಿದುಕೊಂಡು ಎದೆಗೆ ಅವಚಿಕೊಂಡಳು.

ಸುಗಲಾಬಾಯಿ: ನಮ್ಮವು ಇವು! ತಿಂದೀರೇನ್ರಿ? ಯಾರ್ಯಾರು ತಿಂದಾರ?

ಕಾಶೀಬಾಯಿ: ಅಯ್ಯ, ನಾ ಒಬ್ಬಾಕೇನಽ ತಿಂದೀನಿ. ಅದೂ ಒಂದಽ ಒಂದು. ಏನು ಜೀವಾ ಹೋದಂಗ ಮಾಡ್ತೀರಿ ಸುಗಲಾಬಾಯಿ!

ಸುಗಲಾಬಾಯಿ: ವಕೀಲ್ರು ತಿಂದಿಲ್ಲ ಹೌದಲ್ಲೊ? ಮನಿಗೆ ಬಂದವರಿಗೆ ಕೊಟ್ಟಿಲ್ಲ ಹೌದಲ್ಲೊ?

ಕಾಶೀಬಾಯಿ: ಇಲ್ಲವ್ವಾ ತಾಯಿ, ಕೊಟ್ಟಿಲ್ಲ. ಆದ್ರ ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಇದರಾಗ ಹಾಕಿದ್ದು ಯಾವ ತುಪ್ಪ?

ಸಾತಲಿಂಗಪ್ಪ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

ಸುಗಲಾಬಾಯಿ: (ಸಣ್ಣ ದನಿಯಲ್ಲಿ) ನಾಗಣಸೂರದ್ದು. ರೇವಮ್ಮ ಅತ್ತಿ ಕಳಿಸಿದ್ದು.

ಕಾಶೀಬಾಯಿ: ನಾ ಅಂದೆನಿಲ್ಲೊ! ಬಾಯಾಗ ಇಟ್ಟ ಕೂಡ್ಲೇ ತಿಳೀತು ನನಗ. ಎರಿ ಭೂಮಿ ಹುಲ್ಲು ಮೇಯ್ದ ಎಮ್ಮಿ ತುಪ್ಪದ ವಾಸನಿನಽ ಬ್ಯಾರೆ. ನಮ್ಮ ಮನ್ಯಾಗ ಪ್ಯಾಟಿ ತುಪ್ಪ ತರ್ತಾರ, ಅದಕ್ಕ ಈ ಕಳೆ ಎಲ್ಲಿಂದ ಬರಬೇಕು? ಇನ್ನೊಂದು ಕೊಡ್ರಿ, ತಿಂದು ಹೋಗ್ತೀನಿ.

ಸಾತಲಿಂಗಪ್ಪ ಗೋಡೆಗೆ ಒರಗಿದ. ಸುಗಲಾಬಾಯಿ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಅವನಿಗೆ ತನ್ನ ಸಂತೋಷದಲ್ಲಿ ಹೆಂಡತಿ ಯಾಕೆ ಕುಸಿದಳೆಂದು ಕೇಳುವ ವ್ಯವಧಾನ ಇರಲಿಲ್ಲ.

ಕಾಶೀಬಾಯಿ: ಅಂದಂಗ ನಮ್ಮ ಡಬ್ಬಿ ಎಲ್ಲಿ? ಹಾಂ, ಇದಽ. ಯಾಕ, ಮ್ಯಾಲಿನ ಸಾಲು ಖಾಲಿ ಖಾಲಿ ಅದಲ್ಲ?

ಸಾತಲಿಂಗಪ್ಪ: ಭಟ್ಟಿ ಝಳಕ್ಕ ಕರಗಿರಬೇಕ್ರಿ.

ಗೊಲ್ಲಾಳಪ್ಪ: ನನ್ನ ಭಟ್ಟಿ ಮ್ಯಾಲ ಎಲ್ಲಾದ್ನೂ ಹಾಕಬ್ಯಾಡ್ರಿ ಯಜಮಾನ್ರ. ನಿಮ್ಮ ಮೀಸಿಗೆ ಪುಡಿ ಹತ್ಯದ.

ಬೈಗುಳ ಒಂದಿಷ್ಟು ಆಯಿತು, ನಗು ಒಂದಿಷ್ಟು ಆಯಿತು, ಡಬ್ಬಿಗಳು ಅದಲುಬದಲಾದವು. ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಸುಗಲಾಬಾಯಿ ಡಬ್ಬಿಯನ್ನು ತಾನೇ ಹೊತ್ತು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ಅದನ್ನು ನೋಡಿ ಸಾತಲಿಂಗಪ್ಪನ ಕರುಳು ಚುರ್ ಎಂದಿತು. ಪಾಪ, ಏನೂ ತಿಳಿಯದ ಹೆಂಗಸು! ನಾಗಣಸೂರದ್ದು ಎಂದು ಎಷ್ಟು ನಂಬಿಕೆಯಿಂದ ಹೇಳಿದಳು! ಇವಳಿಗೆ ಮೋಸ ಮಾಡಿ ತಾನು ಯಾವ ನರಕಕ್ಕೆ ಹೋಗಬೇಕು? ನಾಳೆ ಚಂದ್ರಭಾಗಾ ಮೂಸಿ ನೋಡಿ ಮತ್ತೆ ಮಂದಿಯ ಮುಂದೆ ಅಂದರೆ? ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಗಂಟಲು ಸರಿ ಮಾಡಿಕೊಂಡ.

ಸಾತಲಿಂಗಪ್ಪ: ಸುಗಲಾ, ನಿನಗೊಂದು ಮಾತು ಹೇಳಬೇಕು. ಸಿಟ್ಟಿಗೇಳಬಾರದು.

ಸುಗಲಾಬಾಯಿ: ನಾನೂ ನಿಮಗೊಂದು ಹೇಳಬೇಕ್ರಿ. ನೀವು ಸಿಟ್ಟಿಗೇಳಬಾರದು.

ಸಾತಲಿಂಗಪ್ಪ: ಮದಲ ನೀ ಹೇಳು.

ಹೆದರುವವನು ಯಾವಾಗಲೂ ಹೀಗೆಯೇ, ಪಾಳಿ ಬಿಟ್ಟುಕೊಡುತ್ತಾನೆ. ಸುಗಲಾಬಾಯಿ ಒಂದು ಜಗಲಿಯ ಪಕ್ಕ ನಿಂತಳು. ಕಣ್ಣಲ್ಲಿ ನೀರಾಡುತ್ತಿತ್ತು.

ಸುಗಲಾಬಾಯಿ: ಇವು ತುಪ್ಪದವು ಅಲ್ಲರಿ. ಡಾಲ್ಡಾದವು.

ಸಾತಲಿಂಗಪ್ಪ: ಆಂ? ನಿನಗ ಹೆಂಗ ಗೊತ್ತಾತು?

ಸುಗಲಾಬಾಯಿ: ನಾನಽ ಹಾಕಿ ಕಳಿಸೀನಿ, ನನಗ ಗೊತ್ತಾಗಲಾರದೇನು? ವಾಸನಿ ಮುಚ್ಚಲಿ ಅಂತಽ ಜಾಜಿಕಾಯಿ ತೇಯ್ದೆ. ಓಣ್ಯಾಗ ಜಾಜಿಕಾಯಿ ಹಾಕೂವಾಕಿ ನಾ ಒಬ್ಬಾಕಿ. ಯಾರ ಮನ್ಯಾಗರೆ ಸಿಕ್ಕರ ನನ್ನ ಮಾನ ಹೋಗ್ತದ ಅಂತ ಹುಡುಕ್ಯಾಡಿಕೊಂಡು ಓಡಿ ಬಂದೆ.

ಸಾತಲಿಂಗಪ್ಪ: ಮತ್ತ ನಾಗಣಸೂರ ತುಪ್ಪ?

ಸುಗಲಾಬಾಯಿ: ಮನ್ಯಾಗ ಅದ. ಗ್ವಾಡಿ ಮಾಡದಾಗ ಗಡಿಗ್ಯಾಗ ಇಟ್ಟೀನಿ. ನಿಮಗಂತ.

ಸಾತಲಿಂಗಪ್ಪ: ನನಗಂತ?

ಸುಗಲಾಬಾಯಿ: ಅತ್ತಿ ಕಳಿಸಿದ್ದಽ ಸ್ವಲ್ಪ. ನಾನಖಟಾಯಿಗೆ ಹಾಕಿದ್ರ ಹೋಳಿಗಿಗೆ ಇಲ್ಲ, ಹೋಳಿಗಿಗೆ ಹಾಕಿದ್ರ ನಾನಖಟಾಯಿಗೆ ಇಲ್ಲ. ವೈನಿ ಬಾಯಿ ಮುಚ್ಚಿಸ್ಲೋ, ನಿಮ್ಮ ಬಾಯಿ ರುಚಿ ಮಾಡ್ಲೋ? ನೀವು ನೋಡಿದ್ರ ನಿದ್ದ್ಯಾಗೂ ಮಲ್ಲಯ್ಯನ ಹೋಳಿಗಿ ಅಂತೀರಿ. ಒಮ್ಮೆ ಮನ್ಯಾಗ ಬಿಸಿ ಹೋಳಿಗಿ ಮ್ಯಾಲ ಖರೇ ತುಪ್ಪ ಸುರುದು ಬಡಿಸಿದ್ರ ಆ ಖಾನಾವಳಿ ಹಾದಿನಽ ಮರೀತೀರಿ ಅಂತ ತಿಳಕೊಂಡೆ.

ಇಂಥ ಮಾತು ಕೇಳಿದ ಗಂಡ ಏನು ಮಾಡಬೇಕು? ಕಣ್ಣೊರೆಸಿಕೊಂಡು ಸುಮ್ಮನೆ ನಡೆಯಬೇಕು. ಸಾತಲಿಂಗಪ್ಪನಿಗೂ ಕಣ್ಣು ತುಂಬಿ ಬಂದಿದ್ದವು. ಆದರೆ ಅದೇ ಹೊತ್ತಿಗೆ ಅವನ ತಲೆಯಲ್ಲಿ ಬೇರೆಯೇ ಒಂದು ಲೆಕ್ಕ ಎದ್ದು ನಿಂತಿತು.

ಸಾತಲಿಂಗಪ್ಪ: ತಡಿ, ತಡಿ. ಹಂಗಾದ್ರ ನೀ ನನ್ನ ಕೈಯಾಗ ಕೊಟ್ಟ ಡಬ್ಬ್ಯಾಗ ಇದ್ದದ್ದು?

ಸುಗಲಾಬಾಯಿ: ಡಾಲ್ಡಾ.

ಸಾತಲಿಂಗಪ್ಪ: ಮನಿಯಿಂದ ಹೊರಡೂವಾಗಽ?

ಸುಗಲಾಬಾಯಿ: ಹೊರಡೂವಾಗಽ.

ಸಾತಲಿಂಗಪ್ಪ: ಅಯ್ಯಯ್ಯೋ! ಹಂಗಾದ್ರ ನಿನ್ನೆ ನಾನೂ ಮಲ್ಲಯ್ಯನೂ ಹೋಳಿಗಿ ಮ್ಯಾಲ ಸುರುವಿಕೊಂಡು ತಿಂದದ್ದು ಡಾಲ್ಡಾ ಏನು!

ಮಾತು ಬಾಯಿಂದ ಹೊರಬಿದ್ದಿತ್ತು. ಹಿಂದಕ್ಕೆ ಎಳೆದುಕೊಳ್ಳಲು ಸಾತಲಿಂಗಪ್ಪ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಸುಗಲಾಬಾಯಿಯ ಕಣ್ಣೀರು ನಿಂತಲ್ಲೇ ಆರಿತು.

ಸುಗಲಾಬಾಯಿ: ಯಾರ ಹೋಳಿಗಿ ಮ್ಯಾಲ?

ಸಾತಲಿಂಗಪ್ಪ: ನೀನಽ ಅಂದಿದ್ದಿ, ಡಬ್ಬಿ ಕೈಯಾಗಿಂದ ಬಿಡಬ್ಯಾಡ್ರಿ ಅಂತ.

ಸುಗಲಾಬಾಯಿ: ಡಬ್ಬಿ ಬಿಡಬ್ಯಾಡ್ರಿ ಅಂದಿದ್ನಿ. ಆಣಿ ಬಿಡ್ರಿ ಅಂದಿದ್ನೇನು? ಆಮ್ಯಾಲ ಖಾಲಿ ಡಬ್ಬ್ಯಾಗ ಏನು ತುಂಬಿಸಿದ್ರಿ?

ಸಾತಲಿಂಗಪ್ಪ: ...ಡಾಲ್ಡಾ.

ಸುಗಲಾಬಾಯಿ: ಶಾಣ್ಯಾ ಗಂಡ! ಡಾಲ್ಡಾ ಕದ್ದು ತಿಂದು ಡಾಲ್ಡಾ ತುಂಬಿಸ್ಯಾನ! ಇರ್ಲಿ. ಒಂದು ಹೇಳ್ರಿ. ರುಚಿ ಇತ್ತೇನು?

ಸುಳ್ಳು ಹೇಳಬಹುದಿತ್ತು. ಆದರೆ ಊಟದ ವಿಷಯದಲ್ಲಿ ಸಾತಲಿಂಗಪ್ಪ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ.

ಸಾತಲಿಂಗಪ್ಪ: ಭಾಳ ರುಚಿ ಇತ್ತು. ಕಣ್ಣಾಗ ನೀರು ಬಂದಿದ್ವು.

ಸುಗಲಾಬಾಯಿ ಡಬ್ಬಿಯನ್ನು ಅವನ ಹೆಗಲಿಗೇರಿಸಿ ಬಿರಬಿರನೆ ಮುಂದೆ ನಡೆದಳು.

ಮರುದಿನ ಮಧ್ಯಾಹ್ನ ಅಕ್ಕಲಕೋಟೆಯವರು ಬಂದರು. ಚಂದ್ರಭಾಗಾ ಒಂದು ನಾನಖಟಾಯಿ ಎತ್ತಿ ಮೂಸಿದಳು, ಮುರಿದಳು, ಬಾಯಲ್ಲಿಟ್ಟಳು. ಗಂಡ ಹೆಂಡತಿ ಇಬ್ಬರೂ ಅವಳ ಬಾಯನ್ನೇ ನೋಡಿದರು.

ಚಂದ್ರಭಾಗಾ: ಅಬ್ಬಾ ಸುಗಲಾ! ಇದು ನೋಡು ನಾಗಣಸೂರ ತುಪ್ಪ ಅಂದ್ರ! ಹೋದ ವರ್ಷದ್ದು ಮರ್ತುಬಿಡವ್ವಾ.

ಆಮೇಲೆ ಊಟಕ್ಕೆ ಕೂತರು. ಬಿಸಿ ಹೋಳಿಗೆ ಬಂತು. ಸುಗಲಾಬಾಯಿ ಮಾಡದಿಂದ ಗಡಿಗೆ ಇಳಿಸಿ ತಂದಳು. ಮುಚ್ಚಳ ತೆರೆದದ್ದೇ ತಡ, ಮನೆ ತುಂಬ ಘಮ. ಸಾತಲಿಂಗಪ್ಪನಿಗೆ ಆಗ ತಿಳಿಯಿತು, ಖರೇ ತುಪ್ಪ ಎಂದರೆ ಏನೆಂದು. ಅಣ್ಣನ ಹೋಳಿಗೆಯ ಮೇಲೆ ಹೊಳೆ ಹರಿಯಿತು. ವೈನಿಯ ಹೋಳಿಗೆ ಮುಳುಗಿತು. ಸಾತಲಿಂಗಪ್ಪ ತಾಟು ಮುಂದಕ್ಕೆ ಸರಿ ಮಾಡಿಕೊಂಡು ಕಾದ. ಸುಗಲಾಬಾಯಿ ಗಡಿಗೆಯನ್ನು ಮುಚ್ಚಿ ಹಿಂದಕ್ಕಿಟ್ಟು, ಸೆರಗಿನ ಮರೆಯಿಂದ ಒಂದು ತಗಡಿನ ಡಬ್ಬಿ ತೆಗೆದಳು.

ಚಂದ್ರಭಾಗಾ: ಅಯ್ಯ, ಅವರಿಗ್ಯಾಕ ಬ್ಯಾರೆ ಡಬ್ಬಿ?

ಸುಗಲಾಬಾಯಿ: ಅವರು ಸೊಲ್ಲಾಪುರದವರು ನೋಡ್ರಿ ವೈನಿ. ಅವರಿಗೆ ಇದಽ ರೂಢಿ.